ಬ್ರೂವರಿ ರೆಸಿಪಿ ಎಲ್ಲಾ ಒಂದ್ಕಡೆ ಹೆಂಗ ಇಡ್ತೀರಿ? ಕೋಕಂ ಬಿಯರ್ ಬಗ್ಗೆನೂ ಕೇಳೋದೈತಿ

ಧಾರವಾಡದಾಂವ_ಪುಣೆ
ನಮಸ್ಕಾರ್ರಿ ಎಲ್ಲಾರಿಗೂ. ಪುಣೆದಾಗ ಒಂದು ಸಣ್ಣ ಮೈಕ್ರೋಬ್ರೂವರಿಯೊಳಗ ಕೆಲಸ ಮಾಡ್ತೀನಿ, 500 ಲೀಟರ್ ಸಿಸ್ಟಮ್. ಹೋದ ತಿಂಗಳು ನಮ್ಮ ಹಳೇ ಬ್ರೂವರ್ ಬಿಟ್ಟು ಹೋದ್ರು, ಈಗ ರೆಸಿಪಿ ಅಂದ್ರ ಅರ್ಧ ಎಕ್ಸೆಲ್‌ನ್ಯಾಗ, ಅರ್ಧ ವಾಟ್ಸಾಪ್‌ನ್ಯಾಗ, ಉಳಿದದ್ದು ಮಾಲ್ಟ್ ಚೀಲದ ಮ್ಯಾಲೆ ಮಾರ್ಕರ್‌ಲೆ ಬರದದ್ದು. ವೀಟ್ ಬಿಯರ್ ಅದೇ ಅಳತಿಲೆ ಮಾಡಿದ್ರೂ ಈ ಸಲ ಕಹಿ ಜಾಸ್ತಿ ಆತು, ದಿನಾ ಬರೋ ಗಿರಾಕಿ ಒಬ್ರು ಒಂದು ಗುಟುಕು ಕುಡದು ಗ್ಲಾಸ್ ಬಾಜೂಕ ಸರಿಸಿಬಿಟ್ರು, ಭಾಳ ಸಂಕಟ ಆತ್ರೀ. ಇನ್ನೊಂದು, ಮಳಿಗಾಲಕ್ಕ ಕೋಕಂ ಗೋಸೆ, ಅಂದ್ರ ಹುಳಿ-ಉಪ್ಪಿನ ಬಿಯರ್, ಮಾಡೋದೈತಿ. 20 ಲೀಟರ್ ಟ್ರಯಲ್‌ಗೆ ಒಂದು ಲೀಟರ್ ಕೋಕಂ ಆಗಳ ಹಾಕಿದ್ವಿ, ಬಣ್ಣ ಮಸ್ತ್ ಬಂತು, ಆದ್ರ ಬಾಯಾಗ ಇಡಾಕ ಆಗಲಾರದಷ್ಟು ಉಪ್ಪು.

ಕುಡ್ಲದವ_ಅಂಧೇರಿ
ಹಾಪ್ಸ್ (ಕಹಿ ಕೊಡುವ ಹೂವು) ಪ್ಯಾಕೆಟ್ ಮೇಲೆ ಆಲ್ಫಾ, ಅಂದ್ರೆ ಕಹಿ ಆಮ್ಲದ ಶೇಕಡಾ, ಎಷ್ಟುಂಟು ನೋಡಿದ್ರಾ ಮಾರಾಯ್ರೆ? ಅದು ಪ್ರತಿ ವರ್ಷದ ಬೆಳೆಗೂ ಬೇರೆ ಬೇರೆ ಇರ್ತದೆ. ಹಿಂದೆ 5.5 ಇದ್ದಾಗ 500 ಗ್ರಾಂ ಹಾಕ್ತಿದ್ರೆ, ಈಗ 7 ಇದ್ರೆ 393 ಗ್ರಾಂ ಸಾಕು. ಹಾಗಾಗಿ ರೆಸಿಪಿಯಲ್ಲಿ ಗ್ರಾಂ ಮಾತ್ರ ಬರೆದ್ರೆ ಆಗ್ಲಿಕ್ಕಿಲ್ಲ, ಐಬಿಯು (ಕಹಿಯ ಅಳತೆ) ಎಷ್ಟು ಬೇಕು ಅಂತ ಬರೀರಿ, ಗ್ರಾಂ ಪ್ರತಿ ಬ್ಯಾಚಿಗೆ ಹೊಸದಾಗಿ ಲೆಕ್ಕ ಹಾಕಿ. ಬ್ರೂಫಾದರ್, ಬಿಯರ್‌ಸ್ಮಿತ್ ಅಂಥ ರೆಸಿಪಿ ಸಾಫ್ಟ್‌ವೇರ್ ಯಾವುದಾದ್ರೂ ಆಗ್ತದೆ, ಗೂಗಲ್ ಶೀಟ್ ಕೂಡ ಸಾಕು, ಆದ್ರೆ ಒಂದೇ ಕಡೆ ಇರ್ಬೇಕು. ಹಳೆಯದನ್ನು ಅಳಿಸಿ ಅದರ ಮೇಲೆ ತಿದ್ದಬೇಡಿ, ಏನೇ ಬದಲಾದ್ರೂ ಹೊಸ ನಂಬರ್ ಕೊಟ್ಟು ಯಾಕೆ ಬದಲಾಯಿಸಿದ್ದು ಅಂತ ಒಂದು ಸಾಲು ಬರೆದಿಡಿ. ರೆಸಿಪಿ ಬೇರೆ, ಬ್ಯಾಚ್ ಲಾಗ್ ಬೇರೆ. ಲಾಗಲ್ಲಿ ಮಾಲ್ಟ್ ಲಾಟ್, ಮ್ಯಾಶ್ (ಮಾಲ್ಟ್ ಬಿಸಿನೀರಲ್ಲಿ ನೆನೆಸುವುದು) ಟೆಂಪರೇಚರ್, ಪಿಎಚ್, ಓಜಿ, ಎಫ್‌ಜಿ (ಹುದುಗುವ ಮೊದಲಿನ, ನಂತರದ ಸಾಂದ್ರತೆ), ಯೀಸ್ಟ್ ಎಷ್ಟನೇ ಸಲ ಬಳಸಿದ್ದು, ಆ ದಿನ ಕಾರ್ಪೊರೇಷನ್ ನೀರಾ ಟ್ಯಾಂಕರಾ, ಎಲ್ಲಾ ಬೇಕು. ನೀರು ಬದಲಾದ್ರೂ ಕಹಿ ಬೇರೆ ಥರ ಅನ್ನಿಸ್ತದೆ.

ಕಾರವಾರ_ಮಡಗಾಂವ್
ಉಪ್ಪಿಗೆ ಕಾರಣ ಆಗಳವೇ. ಅದು ಉಪ್ಪು ಹಾಕಿಯೇ ತೆಗೆಯೋ ರಸ, ಗೋಸೆಗೆ ನೀವು ಮತ್ತೆ ಉಪ್ಪು ಹಾಕಿರ್ತೀರಿ. ಅಮೃತ ಕೋಕಂ ತರಕ್ಕೆ ಹೋಗ್ಬೇಡಿ, ಅದ್ರಲ್ಲಿ ಸಕ್ಕರೆ ಇರತ್ತೆ, ಕೆಗ್ (ಬಿಯರ್ ಪೀಪಾಯಿ) ಒಳಗೆ ಯೀಸ್ಟ್ ಮತ್ತೆ ಕೆಲ್ಸ ಶುರು ಮಾಡತ್ತೆ. ಒಣ ಸಿಪ್ಪೆ ತನ್ನಿ, ನಾನು ಮ್ಹಾಪ್ಸಾ ಶುಕ್ರವಾರದ ಸಂತೆಯಲ್ಲಿ ತಗೊಳ್ತೀನಿ, ನಾಲಿಗೆ ಮೇಲಿಟ್ಟು ನೋಡಿ ಉಪ್ಪಿಲ್ಲದ್ದನ್ನೇ ಆರಿಸ್ಬೇಕು. 80 ಡಿಗ್ರಿ ನೀರಲ್ಲಿ ನೆನೆಸಿ ರಸ ತೆಗೆದು, ರೆಡಿ ಇರೋ ಬಿಯರ್ 100 ಎಂಎಲ್ ಗ್ಲಾಸ್‌ಗಳಲ್ಲಿ ಹಾಕ್ಕೊಂಡು ಸಿರಿಂಜಲ್ಲಿ 1, 2, 3 ಎಂಎಲ್ ಸೇರಿಸಿ ಕುಡಿದು ನೋಡಿ. 2 ಎಂಎಲ್ ಹಿಡಿಸಿದ್ರೆ 500 ಲೀಟರ್‌ಗೆ 10 ಲೀಟರ್ ರಸ. ಕೋಕಂಗೂ ಹುಳಿ ಇದೆ, ಹಾಗಾಗಿ ಲ್ಯಾಕ್ಟೋ (ಹುಳಿ ಮಾಡೋ ಬ್ಯಾಕ್ಟೀರಿಯಾ) ಹುಳಿ ಸ್ವಲ್ಪ ಬೇಗ ನಿಲ್ಸಿ. ಹುಳಿ ಬರೋಕೆ ಮುಂಚೆ ಹಾಪ್ಸ್ ಹಾಕ್ಬೇಡಿ, ಲ್ಯಾಕ್ಟೋ ಅಲ್ಲೇ ನಿಂತು ಹೋಗತ್ತೆ.

ಧಾರವಾಡದಾಂವ_ಪುಣೆ
ಈಗ ಫ್ರೀಜರ್ ತಗದು ನೋಡಿದೆ, ಹೊಸ ಪ್ಯಾಕೆಟ್ 7.2 ಐತಿ, ಹಳೇ ಶೀಟಿನ್ಯಾಗ 5.5 ಅಂತನ ಕುಂತೈತಿ! ಇವತ್ತ ಎಲ್ಲಾ ಒಂದು ಶೀಟಿಗೆ ತರ್ತೀನಿ, ಚೀಲದ ಮ್ಯಾಲಿಂದು ಫೋಟೋ ಹೊಡಕೊಂಡೀನಿ. ಶುಕ್ರವಾರ ಸಿಪ್ಪಿ ನೆನಸ್ತೀನಿ.

ಕಾರವಾರ_ಮಡಗಾಂವ್
ಪಿಎಚ್ ಎಷ್ಟಕ್ಕೆ ನಿಲ್ಸಿದ್ರಿ ಅಂತ ಇಲ್ಲೇ ಹಾಕಿ, ನಂದು ಮುಂದಿನ ವಾರ ಇದೆ.