‘ಆರ್ಟಿಸ್ಟ್ಸ್ ಬುಕ್’ಗೆ ಕನ್ನಡದಲ್ಲಿ ಏನಂತೀರಿ? (ತುರ್ತು)

ಎಲ್ಲರಿಗೂ ನಮಸ್ಕಾರ. ಒಂದು ಪ್ರದರ್ಶನದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಎರಡು ಕಪಾಟುಗಳಿವೆ. ಒಂದರಲ್ಲಿ ‘ಆರ್ಟಿಸ್ಟ್ಸ್ ಬುಕ್’, ಅಂದರೆ ಕಲಾವಿದರು ಪುಸ್ತಕವನ್ನೇ ಕಲಾಕೃತಿಯಾಗಿ ಮಾಡಿದ್ದು. ಇನ್ನೊಂದರಲ್ಲಿ ಕ್ಯಾಟಲಾಗ್, ಅಂದರೆ ಪ್ರದರ್ಶನದಲ್ಲಿ ಇಟ್ಟದ್ದರ ವಿವರ ಕೊಡುವ ಪುಸ್ತಕ. ‘ಕಲಾವಿದರ ಪುಸ್ತಕ’ ಅಂದರೆ ಕಲಾವಿದರ ಬಗ್ಗೆ ಯಾರೋ ಬರೆದದ್ದು ಅನ್ನಿಸುತ್ತೆ. ‘ಕಲಾಪುಸ್ತಕ’ ಅಂದರೆ ಚಿತ್ರಗಳಿರುವ ಯಾವ ದಪ್ಪ ಪುಸ್ತಕವೂ ಆಗಬಹುದು.

ಇನ್ನೂ ಒಂದು ತೊಡಕು. ಕೆಲವು ಎರಡೂ ಕಪಾಟಿಗೆ ಸಲ್ಲುತ್ತವೆ. 1969ರಲ್ಲಿ ಕಲಾವಿಮರ್ಶಕಿ ಲೂಸಿ ಲಿಪಾರ್ಡ್ ಅಮೆರಿಕದ ಸಿಯಾಟಲ್‌ನಲ್ಲಿ ಒಂದು ಪ್ರದರ್ಶನ ಏರ್ಪಡಿಸಿದರು. ಹೆಸರು ‘5,57,087’. ಅದು ಆ ಊರಿನ ಆಗಿನ ಜನಸಂಖ್ಯೆ. ಅದರ ಕ್ಯಾಟಲಾಗ್‌ಗೆ ಹೊಲಿಗೆಯಿಲ್ಲ, ರಟ್ಟಿಲ್ಲ, ಬರೀ ಬಿಡಿ ಕಾರ್ಡುಗಳು. ಇಸ್ಪೀಟಿನ ಎಲೆಗಳ ಹಾಗೆ ಕಲೆಸಿ ಹೇಗೆ ಬೇಕಾದರೂ ಓದಬಹುದು. ಇದನ್ನು ಎಲ್ಲಿಡಲಿ?

*

> ‘ಕಲಾಪುಸ್ತಕ’

ಬೇಡವೇ ಬೇಡ. ‘ಹೊತ್ತಗೆ’ ಇರುವಾಗ ಪುಸ್ತಕ ಯಾಕೆ? ಪಾಲು ಹಾಲಾದ ಹಾಗೆ ಪೊತ್ತಗೆ ಹೊತ್ತಗೆ ಆಯಿತು. ‘ಕಲೆಹೊತ್ತಗೆ’ ಅನ್ನಿ, ಮುಗೀತು. ಕ್ಯಾಟಲಾಗ್‌ಗೆ ‘ಪಟ್ಟಿ’ ಸಾಕು. ಮೂಲ ಗ್ರೀಕಿನಲ್ಲೂ ಅದೇ ಅರ್ಥ.

*

ಸಾರ್, ಹೊತ್ತಗೆ ಪುಸ್ತಕದ ತದ್ಭವ ಅಂತಲೇ ಶಾಲೆಯಲ್ಲಿ ಕಲಿತಿದ್ದೇವೆ. ‘ಕಲೆ’ ಕೂಡ ‘ಕಲಾ’ದಿಂದ ಬಂದದ್ದೇ. ಮೇಲಾಗಿ ‘ಕಲೆಹೊತ್ತಗೆ’ ಅಂದರೆ ಮಸಿ ಚೆಲ್ಲಿ ಕಲೆಯಾದ ಪುಸ್ತಕ ಅಂತ ಓದುತ್ತಾರೆ.

ಪಟ್ಟಿಯೂ ಸಾಲದು. ಅದೇ 1969ರ ಜನವರಿಯಲ್ಲಿ ಕಲಾವ್ಯಾಪಾರಿ ಸೇಥ್ ಸೀಗೆಲಾಬ್ ನ್ಯೂಯಾರ್ಕಿನಲ್ಲಿ ಮಾಡಿದ ಪ್ರದರ್ಶನದಲ್ಲಿ ಕ್ಯಾಟಲಾಗೇ ಪ್ರದರ್ಶನ. ಕೋಣೆಯಲ್ಲಿ ಇಟ್ಟಿದ್ದ ವಸ್ತುಗಳು ಅದಕ್ಕೆ ಬರೀ ಪೂರಕ. ಅಂಥದ್ದನ್ನು ‘ಪಟ್ಟಿ’ ಅನ್ನೋಕಾಗುತ್ತಾ?

ನಮ್ಮಲ್ಲಿ ‘ಕೃತಿ’ ಇದೆ ಅಲ್ವಾ? ಕವಿ ಬರೆದದ್ದೂ ಕೃತಿ, ಚಿತ್ರಗಾರ ಬಿಡಿಸಿದ್ದೂ ಕೃತಿ. ‘ಕೃತಿ ಬಿಡುಗಡೆ’ ಅಂದರೆ ಪುಸ್ತಕ, ‘ಕೃತಿಗಳ ಪ್ರದರ್ಶನ’ ಅಂದರೆ ಚಿತ್ರ. ಬೇರೆಯವರು ಹೆಣಗಾಡುವ ಗಡಿಯನ್ನು ಈ ಒಂದು ಪದ ಯಾವತ್ತೋ ದಾಟಿದೆ. ‘ಪುಸ್ತಕಕೃತಿ’ ಅನ್ನಿ.

*

ಮತ್ತೆ ಸಂಸ್ಕೃತ! ಎರವಲು ತಂದು ತಂದೇ ನಾವು ಪದ ಕಟ್ಟೋದನ್ನು ಮರೆತದ್ದು. ಹೊತ್ತಗೆ ಎಲ್ಲಿಂದಾದರೂ ಬಂದಿರಲಿ, ನಮ್ಮ ನಾಲಿಗೆಗೆ ಒಗ್ಗಿ ನಮ್ಮದಾಗಿದೆ.

*

ಒಗ್ಗಿದ್ದೆಲ್ಲ ನಮ್ಮದು ಅನ್ನೋದಾದರೆ ಕ್ಯಾಟಲಾಗೂ ನಮ್ಮದೇ. ಕೃತಿಯಂತೂ ಪಂಪನ ಕಾಲದಿಂದ ನಮ್ಮದು. ನಾನು ಇನ್ನು ಬರೆಯುವುದಿಲ್ಲ.

*

ಇಬ್ಬರಿಗೂ ಧನ್ಯವಾದ. ‘ಪುಸ್ತಕಕೃತಿ’ ಮತ್ತು ‘ಕ್ಯಾಟಲಾಗ್’ ಅಂತ ಇಟ್ಟುಕೊಳ್ಳುತ್ತೇನೆ. ಬಿಡಿ ಕಾರ್ಡುಗಳನ್ನು ಕಪಾಟಿನಿಂದ ಹೊರಗೆ, ನಡುವಿನ ಮೇಜಿನ ಮೇಲೆ ಹರಡಿ, ಚೀಟಿಯಲ್ಲಿ ಎರಡೂ ಹೆಸರು ಬರೆಯುತ್ತೇನೆ. ‘ಕಕೃ’ ಒತ್ತೊತ್ತಾಗಿ ಬಂದು ಕಣ್ಣಿಗೆ ತೊಡಕಾಗುತ್ತಿದೆ. ನಡುವೆ ಅಡ್ಡಗೆರೆ ಹಾಕಿದರೆ ತಪ್ಪಿಲ್ಲ ತಾನೇ? ನಾಳೆ ಮಧ್ಯಾಹ್ನದೊಳಗೆ ತಿಳಿಸಿ.