ಹೊಸ ಆಸ್ಪತ್ರೆಗೆ ನಮ್ಮ ಬೀದಿಯಿಂದಲೇ ರಸ್ತೆ: ಆಕ್ಷೇಪಣೆ ಸಲ್ಲಿಸಿದವರ ಅನುಭವ ಬೇಕಾಗಿದೆ

ಪ್ರಶ್ನೆ

ನಮ್ಮ ಬಡಾವಣೆಯ ಹಿಂಬದಿಯ ಖಾಲಿ ಜಾಗದಲ್ಲಿ ಹೊಸ ಆಸ್ಪತ್ರೆ ಬರಲಿದೆ. ನಾವು ವಾಸವಾಗಿರುವ ಕಿರಿದಾದ ಬೀದಿಯನ್ನೇ ಅಗಲಗೊಳಿಸಿ ಅದಕ್ಕೆ ಪ್ರವೇಶ ರಸ್ತೆ ಮಾಡುವ ಪ್ರಸ್ತಾವವಿದೆ. ಆಸ್ಪತ್ರೆ ಬೇಕು ಎನ್ನುವುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ಇದೇ ಬೀದಿಯಲ್ಲಿ ಪ್ರಾಥಮಿಕ ಶಾಲೆಯಿದೆ, ಪಾದಚಾರಿ ಮಾರ್ಗವಿಲ್ಲ, ತಿರುವಿನಲ್ಲಿ ಎದುರಿನಿಂದ ಬರುವ ವಾಹನ ಕಾಣುವುದಿಲ್ಲ. ಆಕ್ಷೇಪಣೆ ಸಲ್ಲಿಸಲು ಕೆಲವೇ ವಾರಗಳು ಉಳಿದಿವೆ. ರೋಗಿಗಳ ದಾರಿಗೆ ಅಡ್ಡ ನಿಂತವರು ಎಂಬ ಮಾತು ಬಾರದಂತೆ ನಮ್ಮ ಅಹವಾಲನ್ನು ಹೇಗೆ ಮಂಡಿಸಬೇಕು? ಇಂಥದನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

ಇಂಥದೇ ಬೀದಿಯ ನಿವಾಸಿಯೊಬ್ಬರು

ನಾವು ಮೊದಲು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಒಂದೇ ಒಕ್ಕಣೆಯ ಪತ್ರವನ್ನು ಮುದ್ರಿಸಿ ಮನೆಮನೆಯಿಂದ ಸಹಿ ಹಾಕಿಸಿಕೊಂಡು ಕೊಟ್ಟೆವು. ಅಷ್ಟೂ ಸಹಿಗಳನ್ನು ಒಂದೇ ಆಕ್ಷೇಪಣೆಯೆಂದು ಪರಿಗಣಿಸಿ ಎರಡು ಸಾಲಿನ ಉತ್ತರ ಕೊಟ್ಟು ಕಡತ ಮುಂದಕ್ಕೆ ಕಳಿಸಿದರು. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಬಾಗಿಲಿನಿಂದ ಕಾಣುವುದನ್ನಷ್ಟೇ ತಮ್ಮದೇ ಮಾತಿನಲ್ಲಿ ಬರೆದರು. ಗಾಲಿಕುರ್ಚಿಯಲ್ಲಿ ಓಡಾಡುವವರು ತಾವು ರಸ್ತೆ ದಾಟುವ ಜಾಗವನ್ನು ಗುರುತಿಸಿ ತೋರಿಸಿದರು, ಶಾಲೆಯ ಶಿಕ್ಷಕರು ಮಕ್ಕಳು ಹೊರಬರುವ ಸಮಯವನ್ನು ದಾಖಲಿಸಿದರು. ಅವುಗಳಿಗೆ ಒಂದೊಂದಾಗಿ ಉತ್ತರಿಸದೆ ಅವರಿಗೆ ಬೇರೆ ದಾರಿಯಿರಲಿಲ್ಲ.

ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ನಾವೇ ಮಾಡಿದ ಎಣಿಕೆ. ನಾಲ್ವರು ಸರದಿಯ ಮೇಲೆ ತಿರುವಿನ ಕಲ್ಲುಕಟ್ಟೆಯ ಮೇಲೆ ಕೂತು, ಬೆಳಿಗ್ಗೆ 7ರಿಂದ 10 ಮತ್ತು ಸಂಜೆ 3ರಿಂದ 6ರವರೆಗೆ, ಕಾಲುಗಂಟೆಗೊಂದು ಗೆರೆ ಎಳೆದ ನೋಟ್‌ಪುಸ್ತಕದಲ್ಲಿ ವಾಹನಗಳನ್ನೂ ನಡೆದು ಹೋಗುವವರನ್ನೂ ಬೇರೆ ಬೇರೆಯಾಗಿ ಗುರುತು ಹಾಕಿಕೊಂಡೆವು. ಮೂರನೆಯ ದಿನ ಯೋಜನಾ ವರದಿಯ ಅಂಕಿಗಳೊಡನೆ ಹೋಲಿಸಿ ನೋಡಿದಾಗ, ಅವರ ಸಂಚಾರ ಸಮೀಕ್ಷೆ ಶಾಲೆಗೆ ರಜೆಯಿದ್ದ ವಾರದಲ್ಲಿ ನಡೆದಿತ್ತು ಎಂಬುದು ತಿಳಿಯಿತು. ಮರುಸಮೀಕ್ಷೆಗೆ ಆದೇಶವಾಗಲು ಅದೊಂದೇ ಅಂಶ ಸಾಕಾಯಿತು.

ವರದಿಯಲ್ಲಿ ಇನ್ನೊಂದನ್ನು ತಪ್ಪದೆ ಪರಿಶೀಲಿಸಿ. ಹಾಸಿಗೆಗಳ ಸಂಖ್ಯೆಯನ್ನು ಮುಂದಿಟ್ಟುಕೊಂಡು ವಾಹನಗಳ ಲೆಕ್ಕ ಹಾಕಿದ್ದರೆ ಅದು ಅರ್ಧ ಲೆಕ್ಕ. ಆಸ್ಪತ್ರೆಯ ರಸ್ತೆಯನ್ನು ತುಂಬುವವರು ಒಳರೋಗಿಗಳಿಗಿಂತ ಹೆಚ್ಚಾಗಿ ಹೊರರೋಗಿಗಳು, ನೋಡಲು ಬರುವ ಬಂಧುಗಳು ಮತ್ತು ಪಾಳಿ ಬದಲಾಯಿಸುವ ಸಿಬ್ಬಂದಿ. ಆಮ್ಲಜನಕ, ಔಷಧಿ, ಬಟ್ಟೆ ಒಗೆತ, ತ್ಯಾಜ್ಯ ಸಾಗಣೆಯ ಲಾರಿಗಳು ಬೇರೆ. ನಮ್ಮಲ್ಲಿ ಬೆಳಗಿನ ಪಾಳಿ ಮುಗಿಯುವ ಹೊತ್ತೂ ಶಾಲೆ ಬಿಡುವ ಹೊತ್ತೂ ಒಂದೇ ಆಗಿತ್ತು. ಕೊನೆಗೆ ಮುಖ್ಯ ಪ್ರವೇಶ ಹೆದ್ದಾರಿಯ ಕಡೆಗೆ ಹೋಯಿತು, ನಮ್ಮ ಬೀದಿಯಲ್ಲಿ ತುರ್ತು ವಾಹನಗಳಿಗಷ್ಟೇ ತೆರೆಯುವ ಗೇಟು ಉಳಿಯಿತು. ಆದರೆ ವಾಹನ ನಿಲುಗಡೆಯ ವಿಷಯವನ್ನು ನಾವು ಎತ್ತಲೇ ಇಲ್ಲ. ಆಸ್ಪತ್ರೆಯ ಆವರಣದಲ್ಲಿ ನಿಲುಗಡೆಗೆ ಶುಲ್ಕವಿರುವುದರಿಂದ ಇಂದಿಗೂ ಕಾರುಗಳು ನಮ್ಮ ಮನೆಗಳ ಮುಂದೆ ನಿಲ್ಲುತ್ತವೆ.

ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವ ನರ್ಸ್ ಒಬ್ಬರು

ಸೈರನ್ ಸದ್ದನ್ನು ನಿಮ್ಮ ಮೊದಲ ಆಕ್ಷೇಪಣೆಯಾಗಿ ಬರೆಯಬೇಡಿರೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಹೃದಯ ಸ್ತಂಭನವಾದಾಗ ಎದೆಯೊತ್ತುವಿಕೆಯಾಗಲಿ ವಿದ್ಯುತ್ ಆಘಾತ ಚಿಕಿತ್ಸೆಯಾಗಲಿ ಸಿಗದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಆದ್ದರಿಂದ ನಿಮಿಷಗಳ ಮಾತು ನಮಗೆ ಬರಿಯ ಮಾತಲ್ಲ. ಆದರೆ ಕಿರಿದಾದ, ಶಾಲೆಯಿರುವ, ಎರಡೂ ಬದಿಯಲ್ಲಿ ಕಾರು ನಿಂತಿರುವ ಬೀದಿ ನಮಗೂ ಒಳ್ಳೆಯ ದಾರಿಯಲ್ಲ. ಈ ಮಾತನ್ನೇ ನಿಮ್ಮ ವಾದದ ಮುಂಭಾಗದಲ್ಲಿಡಿ, ಸಾಧ್ಯವಾದರೆ ಆಂಬುಲೆನ್ಸ್ ಚಾಲಕರೊಬ್ಬರನ್ನು ಬೀದಿಗೆ ಕರೆದು ತೋರಿಸಿ.

ವೇಗ ತಗ್ಗಿಸಲು ಉದ್ದಕ್ಕೂ ರಸ್ತೆ ಉಬ್ಬು ಹಾಕಿ ಎಂದೂ ಕೇಳಬೇಡಿ. ಬೆನ್ನುಮೂಳೆಗೆ ಪೆಟ್ಟಾದವರನ್ನು ಕರೆದೊಯ್ಯುವಾಗ ಒಂದೊಂದು ಉಬ್ಬಿಗೂ ಒಂದು ಕೈಯಲ್ಲಿ ಸ್ಟ್ರೆಚರಿನ ಕಂಬಿ, ಇನ್ನೊಂದರಲ್ಲಿ ಅವರ ತಲೆ ಹಿಡಿದು ಕೂತಿರುತ್ತೇನೆ. ಬದಲಿಗೆ, ನಡುವೆ ಅಂತರ ಬಿಟ್ಟು ಹಾಕುವ ಬಿಡಿ ಉಬ್ಬುಗಳಿವೆ. ಅಗಲವಾದ ಆಂಬುಲೆನ್ಸಿನ ಚಕ್ರಗಳು ಅವುಗಳ ಎರಡೂ ಪಕ್ಕದಿಂದ ಸರಾಗವಾಗಿ ಹೋಗುತ್ತವೆ, ಕಾರಿನ ಚಕ್ರಗಳು ಮಾತ್ರ ಉಬ್ಬನ್ನು ಹತ್ತಲೇಬೇಕಾಗುತ್ತದೆ.

ನಿವೃತ್ತ ರಸ್ತೆ ಇಂಜಿನಿಯರ್ ಒಬ್ಬರು

ವಿಚಾರಣೆಯಲ್ಲಿ ನಿಲ್ಲದ ವಾದಗಳನ್ನು ಬಿಡಿ. ವಾಹನಗಳು ಎರಡು ಪಟ್ಟಾದರೆ ಸದ್ದೂ ಎರಡು ಪಟ್ಟಾಗುತ್ತದೆ ಎಂದು ಹಲವರು ಬರೆಯುತ್ತಾರೆ. ಉಳಿದದ್ದೆಲ್ಲ ಹಾಗೆಯೇ ಇದ್ದು ವಾಹನಗಳು ಇಮ್ಮಡಿಯಾದರೆ ಏರುವುದು ಸುಮಾರು 3 ಡೆಸಿಬೆಲ್ ಮಾತ್ರ, ಎದುರಿನ ತಜ್ಞರು ಅದನ್ನು ಹೇಳಿ ನಿಮ್ಮ ಇಡೀ ಪತ್ರವನ್ನು ಹಗುರವಾಗಿಸುತ್ತಾರೆ. ರಾತ್ರಿಯ ಸದ್ದಿನ ಬಗ್ಗೆ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ, ರಸ್ತೆ ಸಂಚಾರದ ಸರಾಸರಿ ಸದ್ದು ರಾತ್ರಿಯ ವೇಳೆ ಮನೆಯ ಹೊರಗೆ 45 ಡೆಸಿಬೆಲ್ ಮೀರಬಾರದೆಂದು ಶಿಫಾರಸು ಮಾಡಿದೆ. ರಸ್ತೆ ಅಗಲವಾದಷ್ಟೂ ವೇಗ ಏರುತ್ತದೆ ಎಂಬುದನ್ನೂ ಬರೆಯಿರಿ. ಸರಾಸರಿ ವೇಗ ಶೇ. 1 ಹೆಚ್ಚಿದರೆ ಪ್ರಾಣಾಂತಿಕ ಅಪಘಾತದ ಸಂಭವ ಶೇ. 4ರಷ್ಟು ಹೆಚ್ಚುತ್ತದೆಂದು ಅದೇ ಸಂಸ್ಥೆ ಹೇಳುತ್ತದೆ.

ಇನ್ನು ಭರವಸೆಗಳ ಮಾತು. ಸಭೆಯಲ್ಲಿ ಬಾಯಿಮಾತಿನಲ್ಲಿ ಒಪ್ಪಿದ್ದಕ್ಕೆ ಬೆಲೆಯಿಲ್ಲ. ಅನುಮತಿ ಪತ್ರದ ಷರತ್ತಿನಲ್ಲಿ "ಪ್ರಯತ್ನಿಸಲಾಗುವುದು" ಎಂದಿದ್ದರೆ ಒಪ್ಪಬೇಡಿ. "ಮೊದಲ ರೋಗಿಯನ್ನು ದಾಖಲಿಸುವ ಮುನ್ನ ಪಾದಚಾರಿ ಮಾರ್ಗ ಪೂರ್ಣಗೊಂಡಿರಬೇಕು" ಎಂಬಂತೆ ಬರೆಸಿ. ಕಟ್ಟಡ ಕಾಮಗಾರಿಯ ಲಾರಿಗಳ ದಾರಿ ಮತ್ತು ವೇಳೆಗೂ ಇಂಥದೇ ಷರತ್ತು ಬೇಕು, ಏಕೆಂದರೆ ನಿಮಗೆ ಮೊದಲು ಎದುರಾಗುವುದು ಅವೇ.

ಮತ್ತೊಬ್ಬ ನಿವಾಸಿ

ಪರ್ಯಾಯ ಮಾರ್ಗ ಸೂಚಿಸುವ ಮುನ್ನ ಆ ಮಾರ್ಗದಲ್ಲಿ ಯಾರಿದ್ದಾರೆಂದು ನೋಡಿ. ನಾವು ನಕ್ಷೆಯ ಮೇಲೆ ಗೆರೆ ಎಳೆದು ಕೊಟ್ಟೆವು, ಅದು ಪಕ್ಕದ ಬೀದಿಯವರ ಅಂಗಳದ ಮೇಲೆ ಹಾದುಹೋಯಿತು. ಅಲ್ಲಿಯವರಿಗೆ ವಿಷಯ ತಿಳಿದದ್ದು ಅಳತೆಯವರು ಬಂದು ಗೂಟ ಹೊಡೆದಾಗ. ಆ ಬೀದಿಯ ಕೆಲವರು ಇಂದಿಗೂ ನಮ್ಮೊಡನೆ ಮಾತಾಡುವುದಿಲ್ಲ, ಅವರ ಕೋಪ ನ್ಯಾಯವಾದದ್ದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಮ್ಮ ಯೋಜನಾ ವರದಿಯಲ್ಲಿ ಹೊರರೋಗಿಗಳ ಸಂಖ್ಯೆ ಎಲ್ಲಿಯೂ ಇಲ್ಲವೆಂಬುದನ್ನು ಇದೀಗ ನೋಡಿದೆ. ಎಣಿಕೆಯನ್ನು ಸೋಮವಾರದಿಂದ ಶುರು ಮಾಡುತ್ತೇವೆ. ಅದಕ್ಕೂ ಮೊದಲು, ಹಿಂದಿನ ಬೀದಿಯವರನ್ನು ಈ ಭಾನುವಾರ ಸಂಜೆ ಶಾಲೆಯ ಜಗಲಿಗೆ ಕರೆದು ಎರಡೂ ನಕ್ಷೆಗಳನ್ನು ಅವರ ಮುಂದಿಡುತ್ತೇವೆ.