ಅಪ್ಪ ಹೋದ ಮೇಲೆ ಏನೂ ಓದಲು ಆಗುತ್ತಿಲ್ಲ, ಯಾವ ಪುಸ್ತಕ ಹಿಡಿಯಲಿ?

ಹಾಸನದವಳು:

ಜನವರಿಯಲ್ಲಿ ಅಪ್ಪ ತೀರಿಕೊಂಡರು. ಊರಿನ ಮನೆ ಬಾಡಿಗೆಗೆ ಕೊಟ್ಟು ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದಿದ್ದೇವೆ. ನಾನು ಮೊದಲಿಂದಲೂ ಓದುವವಳು, ಬಸ್ಸಿನಲ್ಲಿ ಒಂದಷ್ಟು, ಕುಕ್ಕರ್ ಕೂಗುವುದರೊಳಗೆ ಎರಡು ಪುಟ, ಹಾಗೆ. ಈಗ ಒಂದೇ ಪುಟದ ಮೇಲೆ ಕಣ್ಣಾಡಿಸುತ್ತಾ ಕೂತಿರುತ್ತೇನೆ, ತಲೆಗೆ ಏನೂ ಹೋಗುವುದಿಲ್ಲ. ನೆಂಟರು, ಆಫೀಸಿನವರು ಪಾಪ ಒಳ್ಳೇ ಮನಸ್ಸಿನಿಂದಲೇ ಪುಸ್ತಕ ತಂದುಕೊಟ್ಟಿದ್ದಾರೆ. ಎಲ್ಲವೂ ದುಃಖವನ್ನು ಗೆಲ್ಲುವುದು ಹೇಗೆ ಅನ್ನುವ ಥರದವು. ಮೊದಲ ಅಧ್ಯಾಯಕ್ಕೇ ಸಿಟ್ಟು ಬರುತ್ತದೆ. ಗೆಲ್ಲಬೇಕು ಅಂತ ನಾನು ಯಾರಿಗೆ ಹೇಳಿದ್ದೆ?

ಅಮ್ಮನಿಗೂ ಏನಾದರೂ ಬೇಕು. ಒಂದು ಕಾಲಕ್ಕೆ ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂರುತ್ತಿದ್ದವರು. ಈಗ ಟಿವಿ ಮುಂದೆ ಇರುತ್ತಾರೆ, ಆದರೆ ಸೌಂಡ್ ಇಟ್ಟಿರುವುದಿಲ್ಲ.

ಉದ್ದದ ಪಟ್ಟಿ ಬೇಡ ದಯವಿಟ್ಟು. ಒಂದೋ ಎರಡೋ ಹೇಳಿ, ಯಾಕೆ ಅಂತಲೂ ಹೇಳಿ.

ಕಾಫಿಪುಡಿ:

ತೇಜಸ್ವಿ ತಮ್ಮ ತಂದೆ ಕುವೆಂಪು ಬಗ್ಗೆ ಬರೆದ 'ಅಣ್ಣನ ನೆನಪು'. ತಂದೆ ಹೋಗಿದ್ದಾರೆ ಅನ್ನುವಾಗ ಇದನ್ನು ಹೇಳುವುದು ವಿಚಿತ್ರ ಅನ್ನಿಸಬಹುದು. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಈ ಪುಸ್ತಕ ಬಂದದ್ದು ಅದಾಗಿ ಎರಡು ವರ್ಷಕ್ಕೆ. ಹಾಗಿದ್ದೂ ಇದರಲ್ಲಿ ಅಳು ಇಲ್ಲ, ನಗು ಜಾಸ್ತಿ. ಮೈಸೂರಿನ 'ಉದಯರವಿ' ಮನೆ, ಮಗನ ಕಪಿಚೇಷ್ಟೆ, ಓದಿನಲ್ಲಿ ಅವನ ಫಜೀತಿ, ಅದನ್ನೆಲ್ಲ ನೋಡುತ್ತಾ ಸುಮ್ಮನಿದ್ದ ಅಪ್ಪ. ರಾಷ್ಟ್ರಕವಿ ಇಲ್ಲಿ ಮನೆಯಲ್ಲಿರುವ ಒಬ್ಬ ಮನುಷ್ಯ, ಅಷ್ಟೇ. ಸತ್ತವರ ಬಗ್ಗೆ ದನಿ ತಗ್ಗಿಸಿಯೇ ಮಾತಾಡಬೇಕು ಅಂತ ನಮ್ಮಲ್ಲಿ ಒಂದು ಅಲಿಖಿತ ನಿಯಮ ಇದೆಯಲ್ವಾ, ಅದನ್ನು ಈ ಪುಸ್ತಕ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನನ್ನ ತಂದೆ ಹೋದಾಗ ಇದನ್ನು ಓದಿ ಮುಗಿಸಿ ತಮ್ಮನಿಗೆ ಫೋನ್ ಮಾಡಿದೆ, ಇಬ್ಬರೂ ಅಪ್ಪನ ಲೂನಾ ಕಥೆಗಳನ್ನು ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಲ್ಲಿಯವರೆಗೆ ನಮ್ಮ ನಡುವೆ ಬರೀ ಆಸ್ಪತ್ರೆ ಬಿಲ್ಲು, ತಿಥಿ ಖರ್ಚಿನ ಮಾತೇ ನಡೆಯುತ್ತಿತ್ತು.

ಶಾರದಾತನಯ:

ಕಗ್ಗ ಇರುವಾಗ ಬೇರೆ ಯಾಕೆ? ನಾಲ್ಕೇ ಸಾಲು, ಒಂದು ಪದ್ಯ ಓದಿ ಮುಚ್ಚಿಡಬಹುದು. ಗಮನ ನಿಲ್ಲದವರಿಗೆ ಇದಕ್ಕಿಂತ ಅನುಕೂಲ ಇನ್ನೇನಿದೆ. ಡಿವಿಜಿ ಚಿಕ್ಕ ವಯಸ್ಸಿನಲ್ಲೇ ಹೆಂಡತಿಯನ್ನು ಕಳೆದುಕೊಂಡವರು, ಸುಮ್ನೆ ಮೇಲೆ ಕೂತು ಉಪದೇಶ ಹೊಡೆದವರಲ್ಲ.

ಕಾಫಿಪುಡಿ:

ಕಗ್ಗಕ್ಕೆ ಕೈ ಮುಗಿಯುತ್ತೇನೆ. ಆದರೆ ಸಾವಿನ ಮನೆಯಲ್ಲಿ ಬಂದವರೆಲ್ಲ ಅದರದ್ದೇ ಒಂದೊಂದು ಪದ್ಯ ಹೇಳಿ ಹೋಗುತ್ತಾರೆ ಸ್ವಾಮಿ. ಒಂಬೈನೂರ ನಲವತ್ತೈದು ಪದ್ಯಗಳಲ್ಲಿ ಎಲ್ಲರಿಗೂ ಬರುವುದು ಅದೇ ನಾಲ್ಕೈದು. ಇವರಿಗೆ ಸಿಟ್ಟು ಬರುತ್ತಿದೆ ಅಂತ ಬರೆದಿದ್ದಾರೆ, ಈಗಲೇ ಕೊಟ್ಟರೆ ಆ ಪುಸ್ತಕದ ಮೇಲೂ ಸಿಟ್ಟು ಬಂದೀತು. ಮುಂದಿನ ವರ್ಷ ಓದಲಿ ಬಿಡಿ.

ಶಾರದಾತನಯ:

ಅದೂ ಸರಿ. ಆದರೆ ಪುಸ್ತಕ ಮನೆಯಲ್ಲಿ ಕೈಗೆ ಸಿಗುವ ಹಾಗೆ ಇರಲಿ.

ಘಟ್ಟದ ಕೆಳಗಿನವ:

ನನ್ನದು ಸ್ವಲ್ಪ ಉಲ್ಟಾ ಅಭಿಪ್ರಾಯ. ದುಃಖದಲ್ಲಿರುವವರಿಗೆ ನಗಿಸುವ ಪುಸ್ತಕ ಕೊಡಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕಾರಂತರ 'ಬೆಟ್ಟದ ಜೀವ' ಓದಿ. 1943ರದ್ದು, ದಪ್ಪ ಪುಸ್ತಕವೂ ಅಲ್ಲ. ಸುಬ್ರಹ್ಮಣ್ಯದ ಹತ್ತಿರದ ಕಾಡಿನಲ್ಲಿ ದಾರಿ ತಪ್ಪಿದ ಒಬ್ಬರು ಗೋಪಾಲಯ್ಯ ಅನ್ನುವ ಮುದುಕರ ಮನೆಗೆ ಬಂದು ಉಳಿಯುತ್ತಾರೆ. ಆ ಮನೆಯ ಮಗ ಬಿಟ್ಟು ಹೋಗಿದ್ದಾನೆ, ಬರುವ ಸುದ್ದಿ ಇಲ್ಲ. ಆದರೆ ಮನೆಯಲ್ಲಿ ಗೋಳಾಟ ನಡೆಯುವುದಿಲ್ಲ. ಬಂದವರಿಗೆ ಉಪಚಾರ ಆಗಬೇಕು, ತೋಟ ನೋಡಬೇಕು, ಆನೆ ಹುಲಿಗಳ ಕಾಟ ಬೇರೆ, ನಡುವೆ ಗಂಡ ಹೆಂಡತಿಯನ್ನು ರೇಗಿಸುತ್ತಾ ಇರುತ್ತಾನೆ. ಮಗನ ಮಾತು ಎಲ್ಲೋ ಒಂದು ಕಡೆ ಬರುತ್ತದೆ, ಆ ತಾಯಿಯ ದನಿ ಬದಲಾಗುತ್ತದೆ, ಮತ್ತೆ ಕೆಲಸ ಶುರು. ನೀವು ಈಗ ಇರುವುದು ಹೀಗೇ ಅಲ್ವಾ? ಕುಕ್ಕರ್ ಕೂಗಬೇಕು, ಆಫೀಸಿಗೆ ಹೋಗಬೇಕು, ನಡುವೆ ಯಾವಾಗಲೋ ಅದು ಬಂದು ಹೋಗುತ್ತದೆ. ಸಮಾಧಾನ ಹೇಳಲೆಂದೇ ಬರೆದ ಪುಸ್ತಕಗಳಿಗೆ ಈ ನಡುವಿನ ಹೊತ್ತು ಗೊತ್ತಿರುವುದಿಲ್ಲ, ಅವುಗಳಿಗೆ ನಮ್ಮನ್ನು ಬೇಗ ರಿಪೇರಿ ಮಾಡಿ ಕಳಿಸುವ ಅವಸರ.

ಮಲೆನಾಡಿಗ:

ಮೇಲಿನವರ ಮಾತಿಗೆ ನನ್ನದೂ ಒಂದು ಓಟು. ಇನ್ನೊಂದು ದಾರಿಯೂ ಇದೆ. ದಪ್ಪ ಕಾದಂಬರಿ ಹಿಡಿದು ಅದರೊಳಗೇ ಇದ್ದುಬಿಡುವುದು. ಕೆಲಸ ಹೋಗಿ ಮನೆಯಲ್ಲಿ ಕೂತಿದ್ದಾಗ ನಾನು 'ಮಲೆಗಳಲ್ಲಿ ಮದುಮಗಳು' ಓದಿದೆ. ಅಷ್ಟೊಂದು ಜನ, ಅಷ್ಟೊಂದು ಊರು, ಯಾರ ಕಥೆ ಎಲ್ಲಿ ಬಿಟ್ಟಿತು ಅಂತ ಹುಡುಕುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು. ನಿಮಗೆ ಒಂದು ಪುಟವೂ ಓಡುತ್ತಿಲ್ಲ ಅಂದರೆ ಈಗ ಬೇಡ, ಮಳೆಗಾಲಕ್ಕೆ ಇಟ್ಟುಕೊಳ್ಳಿ. ಒಂದು ಎಚ್ಚರಿಕೆ: ಇತ್ತೀಚೆಗೆ ನಾಯಿ ಕಳೆದುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ಅದರಲ್ಲಿ ಗುತ್ತಿಯ ನಾಯಿ ಹುಲಿಯ ಇದ್ದಾನಲ್ಲ, ಕೊನೆಯ ಭಾಗದಲ್ಲಿ ಸ್ವಲ್ಪ ಗಟ್ಟಿ ಮನಸ್ಸು ಮಾಡಿಕೊಳ್ಳಿ.

ಕಾಫಿಪುಡಿ:

ಕಥೆ ಹೇಳಿಬಿಟ್ಟಿರಲ್ಲ ಮಾರಾಯ್ರೆ!

ಮಲೆನಾಡಿಗ:

1967ರ ಪುಸ್ತಕ ಸ್ವಾಮಿ, ಇನ್ನೆಷ್ಟು ವರ್ಷ ಗುಟ್ಟು ಕಾಯಲಿ.

ಅಜ್ಜಿಮನೆ:

ಎಲ್ಲರೂ ಮಗಳಿಗೇ ಹೇಳುತ್ತಿದ್ದೀರಿ, ಅಮ್ಮನ ಬಗ್ಗೆ ಯಾರೂ ಇಲ್ಲ. ನಾನು ಕೆಲಸ ಮಾಡುವುದು ಲೈಬ್ರರಿಯಲ್ಲಿ. ಗಂಡ ಹೋದ ಮೇಲೆ ಊರು ಬಿಟ್ಟು ಮಕ್ಕಳ ಮನೆಗೆ ಬಂದ ಹೆಂಗಸರು ನಮ್ಮಲ್ಲಿಗೆ ಬರುತ್ತಾರೆ. ಮೊದಮೊದಲು ಹೊಸ ಪುಸ್ತಕ ಯಾರೂ ಕೇಳುವುದಿಲ್ಲ, ಇಪ್ಪತ್ತು ವಯಸ್ಸಿನಲ್ಲಿ ಓದಿದ್ದನ್ನೇ ಕೇಳುತ್ತಾರೆ. ಊರು, ಮನೆ, ಅಡುಗೆಮನೆ ಎಲ್ಲ ಬದಲಾಗಿರುವಾಗ ಕಥೆಯಾದರೂ ಗೊತ್ತಿರುವುದು ಇರಲಿ ಅಂತಲೋ ಏನೋ. ಹಾಗಾಗಿ ತ್ರಿವೇಣಿ, ಎಂ.ಕೆ. ಇಂದಿರಾ ಇಂಥವರ ಹೆಸರು ತೆಗೆದು ನೋಡಿ. ಇಂದಿರಾ ಬರೆಯಲು ಶುರು ಮಾಡಿದ್ದೇ ನಲವತ್ತು ದಾಟಿದ ಮೇಲೆ, ಇದನ್ನು ಕೇಳಿದರೆ ನಮ್ಮ ಓದುಗರಿಗೆ ಭಾರಿ ಖುಷಿ. 'ಫಣಿಯಮ್ಮ' ಮಾತ್ರ ಸದ್ಯಕ್ಕೆ ಕೊಡಬೇಡಿ. ಬಹಳ ಒಳ್ಳೆಯ ಪುಸ್ತಕ, ಆದರೆ ವಿಧವೆಯ ಕಥೆ, ಈಗ ತಾನೇ ಗಂಡನನ್ನು ಕಳೆದುಕೊಂಡವರ ಕೈಗೆ ನಾನಾಗಿ ಇಡುವುದಿಲ್ಲ. ಅವರಾಗಿ ಕೇಳಿದರೆ ಕೊಡಿ.

ಕಣ್ಣು ಸೋತಿದ್ದರೆ ನೀವೇ ಓದಿ ಹೇಳಿ. ನಿಮ್ಮದು ಹಾಸನ ಅಂದಿರಿ, ಗೊರೂರರ 'ಹಳ್ಳಿಯ ಚಿತ್ರಗಳು' ತೆಗೆದುಕೊಳ್ಳಿ. ನಿಮ್ಮ ಕಡೆಯದ್ದೇ ಹಳ್ಳಿ, ನಿಮ್ಮ ಹೇಮಾವತಿಯೇ. ಚಿಕ್ಕ ಚಿಕ್ಕ ಬರಹಗಳು, ಕೂತರೆ ಒಂದು ಮುಗಿಯುತ್ತದೆ. ನೀವು ಓದುವುದರಲ್ಲಿ ಅಮ್ಮ ತಪ್ಪು ಹುಡುಕುತ್ತಾರೆ, ನಮ್ಮೂರಲ್ಲಿ ಹಾಗಲ್ಲ ಹೀಗೆ ಅನ್ನುತ್ತಾರೆ. ಅನ್ನಲಿ ಬಿಡಿ.

ಹಾಸನದವಳು:

ಎಲ್ಲರಿಗೂ ಥ್ಯಾಂಕ್ಸ್. 'ಬೆಟ್ಟದ ಜೀವ' ಮನೆಯಲ್ಲೇ ಇತ್ತು, ನಿನ್ನೆ ಶುರು ಮಾಡಿದೆ. ಓಡುತ್ತಿದೆ, ನಿಧಾನಕ್ಕೆ. 'ಅಣ್ಣನ ನೆನಪು' ಇನ್ನೂ ಧೈರ್ಯ ಬಂದಿಲ್ಲ.

ಅಮ್ಮನ ಹತ್ತಿರ ಇಂದಿರಾ ಅವರ 'ತುಂಗಭದ್ರ' ಅಂದ ತಕ್ಷಣ, ಅದು ನನ್ನದೇ ಪುಸ್ತಕ, ನಿನ್ನ ಚಿಕ್ಕಮ್ಮ ತಗೊಂಡು ಹೋದವಳು ವಾಪಸ್ ಕೊಡಲೇ ಇಲ್ಲ ಅಂತ ಶುರು ಮಾಡಿದರು. ಮದುವೆಗೆ ಮುಂಚಿನ ಜಗಳ ಇದು! ಚಿಕ್ಕಮ್ಮನಿಗೆ ಫೋನೂ ಹೋಯಿತು, ಸ್ಪೀಕರ್‌ನಲ್ಲಿ, ಆಕೆ ನಾನು ತಗೊಂಡೇ ಇಲ್ಲ ಅಂತ ವಾದ. ಈಗ ಪ್ರತಿ ತರಿಸಿಕೊಡು ಅಂತ ನನ್ನ ಬೆನ್ನು ಬಿದ್ದಿದ್ದಾರೆ. ಬೆಂಗಳೂರಲ್ಲಿ ಎಲ್ಲಿ ಸಿಗಬಹುದು?

ಅಜ್ಜಿಮನೆ:

ಗಾಂಧಿ ಬಜಾರಿನ ಅಂಕಿತದಲ್ಲಿ ಕೇಳಿ. ಹಳೇ ಮುದ್ರಣವೇ ಬೇಕು ಅಂತ ಅಮ್ಮ ಹಟ ಹಿಡಿದರೆ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಬೇಕು, ಸಿಗುವುದು ನಿಮ್ಮ ಅದೃಷ್ಟ. ಎರಡು ಪ್ರತಿ ಸಿಕ್ಕರೆ ಒಂದನ್ನು ಚಿಕ್ಕಮ್ಮನಿಗೆ ಕಳಿಸಿ.